ದಾನ ಅಂದಾಗ ಬಾರದವರು ಕೈಬದಲು ಅಂದಾಗ ಬಂದರು

ಕೋಲಾರದಲ್ಲಿ ನಮ್ಮದೊಂದು ದಿನಸಿ ಅಂಗಡಿ. ಅದರ ಹಿಂಬದಿಗೆ ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಮೊದಲು ಅಲ್ಲಿ ಖಾಲಿ ಗೋಣಿಚೀಲ, ಎಣ್ಣೆ ಡಬ್ಬ ಹಾಕಿಡುತ್ತಿದ್ದೆವು. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಬಂದ್ ಆದಾಗ, ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದಿದ್ದ ಸಂಸಾರಗಳು ಊರಿಗೆ ಹೋಗಲಾರದೆ ಶೆಡ್ಡುಗಳಲ್ಲೇ ಉಳಿದುಬಿಟ್ಟವು. ಬೀದಿಯವರು ಚಂದಾ ಎತ್ತಿದರು, ನಾನು ಅಸಲು ಬೆಲೆಗೆ ಸಾಮಾನು ಕೊಟ್ಟೆ, ಅದನ್ನು ಈ ಕೋಣೆಯಲ್ಲಿಟ್ಟು ಅವರಿಗೆ ಹಂಚಿದೆವು. ಹಾಗೆ ಶುರುವಾದ ಕೋಣೆ ಇವತ್ತಿಗೂ ತೆರೆದಿದೆ.

ಆ ಎರಡು ತಿಂಗಳು ಚೀಲಗಟ್ಟಲೆ ಅಕ್ಕಿ ಬಂತು. ಎಲ್ಲರ ಮನಸ್ಸೂ ಕರಗಿದ್ದ ಹೊತ್ತು ಅದು. ಬಸ್ಸು ಓಡಾಡತೊಡಗಿ ಅಂಗಡಿಗಳು ಬಾಗಿಲು ತೆರೆದ ಮೇಲೆ ಕೊಡುವವರು ಕಡಿಮೆಯಾದರು. ಹಸಿದವರು ಮಾತ್ರ ಅಷ್ಟೇ ಇದ್ದರು. ಗಂಡ ತೀರಿಕೊಂಡ ಮೇಲೆ ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಅಲೆಯುತ್ತಿದ್ದವಳು, ಬೆರಳು ಸವೆದು ಸೊಸೈಟಿ ಮಿಷನ್ನಿನಲ್ಲಿ ಗುರುತು ಬೀಳದ ಅಜ್ಜಿ, ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿದುಕೊಂಡ ಹಮಾಲಿ. ಕಾರ್ಡು ಸರಿಯಾಗಿದ್ದವರಿಗೂ ಆಗ ಸೊಸೈಟಿಯಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಅಕ್ಕಿ, ರಾಗಿ. ಎಣ್ಣೆ, ಖಾರದಪುಡಿ, ಸೋಪು ಕೊಂಡೇ ತರಬೇಕಿತ್ತು. "ಅಕ್ಕಿ ಐತೆ ಅಕ್ಕಾ, ಸಾರಿಗೆ ಏನೂ ಇಲ್ಲ" ಅನ್ನುವ ಮಾತನ್ನು ನಾನು ಕೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಕೇಳಿಲ್ಲ.

ನಮ್ಮಿಂದಾದ ದೊಡ್ಡ ತಪ್ಪು ಆ ವರ್ಷದ ದೀಪಾವಳಿಯಲ್ಲಿ ಆಯಿತು. ಒಬ್ಬ ದೊಡ್ಡ ಮನುಷ್ಯರು ಐವತ್ತು ಕಿಟ್ ಕೊಡುತ್ತೇನೆ ಅಂದರು. ನಾನು ಒಪ್ಪಿಕೊಂಡೆ. ಅವರು ಬ್ಯಾನರ್ ಕಟ್ಟಿಸಿ, ಫೋಟೋದವರನ್ನು ಕರೆಸಿ, ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೆ ಕಿಟ್ ಇಟ್ಟರು. ಸಂಜೆಗೆ ಎಲ್ಲರ ಮೊಬೈಲಿನಲ್ಲೂ ಆ ಫೋಟೋ. ಮಾರನೆಯ ವಾರ ಕೋಣೆಗೆ ಬಂದವರು ಮೂರೇ ಜನ. ನಾನು ಮನೆಮನೆಗೆ ಹೋಗಿ ಕೇಳಿದೆ. ಒಬ್ಬಾಕೆ ಬಾಗಿಲಲ್ಲೇ ನಿಂತು, "ನನ್ನ ಮಗಳನ್ನ ನೋಡಕ್ಕೆ ಬರೋರಿದ್ರು ಅಕ್ಕಾ. ಆ ಫೋಟೋ ಅವ್ರಿಗೂ ಹೋಗೈತೆ" ಅಂದಳು. ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಹೊಟ್ಟೆ ತುಂಬಿಸಲು ಹೋಗಿ ಮಾನ ಕಳೆದಿದ್ದೆವು. ಅಂದಿನಿಂದ ಈ ಕೋಣೆಯೊಳಗೆ ಫೋಟೋ ಇಲ್ಲ, ಬ್ಯಾನರ್ ಇಲ್ಲ. ಅದನ್ನು ಒಪ್ಪದವರ ನೂರು ಚೀಲವೂ ನಮಗೆ ಬೇಡ.

ದಾರಿ ತೋರಿಸಿದ್ದು ನಮ್ಮತ್ತೆ. "ನಾವು ಯಾವತ್ತು ದಾನ ತಗೊಂಡಿದೀವಿ? ಪಕ್ಕದ ಮನೆಯಿಂದ ಕೈಬದಲು ತಗೋತಿದ್ವಿ, ಸುಗ್ಗಿಗೆ ತೀರಿಸ್ತಿದ್ವಿ" ಅಂದರು. ಒಂದು ಪಾವು ಸಕ್ಕರೆ, ಒಂದು ಸೇರು ರಾಗಿ. ಬಡ್ಡಿಯೂ ಇಲ್ಲ, ಪತ್ರವೂ ಇಲ್ಲ. ಅವರ ಮಾತು ಕೇಳಿ ಕೋಣೆಯ ಹೆಸರನ್ನೇ ಬದಲಿಸಿದೆವು: ಕೈಬದಲು ಕೋಣೆ. ಕಟ್ಟಿಟ್ಟ ಕಿಟ್ ಕೊಡುವುದು ಬಿಟ್ಟೆವು. ಬಂದವರು ತಾವೇ ಡಬ್ಬ ತೆರೆದು, ಅಳೆದುಕೊಂಡು, ನೋಟ್‌ಬುಕ್ಕಿನಲ್ಲಿ ಬರೆದು ಒಯ್ಯುತ್ತಾರೆ. ಅನುಕೂಲವಾದಾಗ ಕೈಲಾದದ್ದನ್ನು ತಂದಿಡುತ್ತಾರೆ. ತಾರದವರನ್ನು ಯಾರೂ ಕೇಳುವಂತಿಲ್ಲ. ಕೆಲವರು ಧಾನ್ಯದ ಬದಲು ಕೆಲಸ ಕೊಡುತ್ತಾರೆ. ಆ ಸೊಂಟ ಹಿಡಿದ ಹಮಾಲಿಯ ಹೆಂಡತಿ ಪ್ರತಿ ಭಾನುವಾರ ಬಂದು ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಆರಿಸುತ್ತಾಳೆ. ಅವಳಷ್ಟು ಚೊಕ್ಕಟವಾಗಿ ಕೇರುವುದು ನನಗೆ ಬರುವುದಿಲ್ಲ. ಒಯ್ದವರಲ್ಲಿ ಮೂರರಲ್ಲಿ ಒಬ್ಬರಾದರೂ ಏನಾದರೊಂದು ತಿರುಗಿ ತಂದಿದ್ದಾರೆ ಅನ್ನುವುದು ನೋಟ್‌ಬುಕ್ಕು ಹೇಳುವ ಲೆಕ್ಕ.

ಅದೊಂದರಿಂದಲೇ ಕೋಣೆ ತುಂಬುವುದಿಲ್ಲ, ನಿಜ. ಬುಡದಲ್ಲಿರುವುದು ಹಿಡಿ ಅಕ್ಕಿ. ದಿನಾ ಅನ್ನಕ್ಕಿಡುವಾಗ ಒಂದು ಹಿಡಿಯನ್ನು ಬೇರೆ ಡಬ್ಬಕ್ಕೆ ಹಾಕುವುದು. ನನ್ನ ಹಿಡಿಯನ್ನು ತಕ್ಕಡಿಯಲ್ಲಿ ತೂಗಿ ನೋಡಿದೆ, 45 ಗ್ರಾಂ. ತಿಂಗಳಿಗೆ 1 ಕೆಜಿ 350 ಗ್ರಾಂ ಆಗುತ್ತದೆ. ಅರವತ್ತು ಮನೆಯವರು ಡಬ್ಬ ಇಟ್ಟಿದ್ದಾರೆ. ಮರೆತ ದಿನ, ಊರಿಗೆ ಹೋದ ದಿನ ಕಳೆದರೂ ತಿಂಗಳಿಗೆ 60 ಕೆಜಿ ತಪ್ಪುವುದಿಲ್ಲ. ಮೊದಲು ನಾನೇ ಮನೆಮನೆಗೆ ಹೋಗಿ ತರುತ್ತಿದ್ದೆ, ಮೂರು ತಿಂಗಳಿಗೆ ಸಾಕಾಗಿಹೋಯಿತು. ಆಮೇಲೆ ಬೀದಿಯ ಸ್ತ್ರೀಶಕ್ತಿ ಸಂಘದವರು ವಾರದ ಉಳಿತಾಯದ ದುಡ್ಡು ಕಟ್ಟಲು ಬರುವಾಗ ಡಬ್ಬವನ್ನೂ ತರುವಂತೆ ಮಾಡಿಕೊಂಡರು. ಹೇಗೂ ಸೇರುವ ಜಾಗ, ಹೇಗೂ ಬರುವ ದಿನ. ಇಂಥ ಕೋಣೆ ಶುರುಮಾಡುತ್ತೇನೆ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹೊಸ ಸಭೆ ಕಟ್ಟಬೇಡಿ, ಇರುವ ಸಭೆಗೆ ಡಬ್ಬ ತರಿಸಿ.

ಹಬ್ಬದ ಕೊಡುಗೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಶ್ರಾವಣ ಶನಿವಾರ ಗೋವಿಂದನ ಹೆಸರಲ್ಲಿ ಮಕ್ಕಳು ಎತ್ತಿದ ಅಕ್ಕಿ, ಪಿತೃಪಕ್ಷದಲ್ಲಿ ಹಿರಿಯರ ಹೆಸರಲ್ಲಿ ಕೊಡುವ ಅಕ್ಕಿ ಬೇಳೆ, ರಂಜಾನಿನಲ್ಲಿ ಹಿಂದಿನ ಬೀದಿಯಿಂದ ಬರುವ ಗೋಧಿ, ಖರ್ಜೂರ ಎಲ್ಲ ಬರುತ್ತದೆ. ಆದರೆ ಕಷ್ಟದ ತಿಂಗಳು ಬೇರೆ. ಜೂನ್‌ನಲ್ಲಿ ಶಾಲೆ ಫೀಸು, ಪುಸ್ತಕ. ಆಷಾಢದಲ್ಲಿ ಮದುವೆ ಇಲ್ಲ, ಛತ್ರದ ಅಡುಗೆಗೆ, ಪಾತ್ರೆ ತೊಳೆಯಲು ಹೋಗುವವರಿಗೆ ಕೂಲಿ ಇಲ್ಲ. ಹಾಗಾಗಿ ಹಬ್ಬದಲ್ಲಿ ಕೊಡುವವರನ್ನು "ಅರ್ಧ ಈಗ ಕೊಡಿ, ಇನ್ನರ್ಧ ಆಷಾಢಕ್ಕೆ" ಅಂತ ಕೇಳಿಕೊಳ್ಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಕೂಡಿಟ್ಟದ್ದು ಕೆಡದಂತೆ ನೋಡಿಕೊಳ್ಳುವುದು ಅಂಗಡಿಯವಳಾದ ನನಗೆ ಗೊತ್ತಿದ್ದ ಕೆಲಸ. ಚೀಲ ನೆಲಕ್ಕೆ ತಾಗಬಾರದು, ಕೆಳಗೆ ಹಲಗೆ ಇರಬೇಕು, ಗೋಡೆಯಿಂದ ಒಂದು ಗೇಣು ದೂರ ಇರಬೇಕು. ಮನೆಮನೆಯ ಅಕ್ಕಿ ಬೆರೆತಾಗ ಒಂದು ಡಬ್ಬದ ಹುಳ ಎಲ್ಲಕ್ಕೂ ಹರಡುತ್ತದೆ. ಅದಕ್ಕೇ ಬಂದದ್ದನ್ನು ಮೊದಲು ಜರಡಿ ಹಿಡಿದು, ಬಿಸಿಲಿಗೆ ಹರವಿ, ಆರಿದ ಮೇಲೆ ಒಣಗಿದ ಬೇವಿನ ಸೊಪ್ಪಿನ ಜೊತೆ ಡಬ್ಬಕ್ಕೆ ತುಂಬುತ್ತೇವೆ. ಮೊದಲು ಬಂದದ್ದು ಮೊದಲು ಹೋಗಬೇಕು. ರಾಗಿಗೆ ಇಷ್ಟು ಉಪಚಾರ ಬೇಡ, ಕಾಳಾಗಿದ್ದರೆ ವರ್ಷಗಟ್ಟಲೆ ಇರುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಹಾಕಿಡುತ್ತಿದ್ದದ್ದು ಅದಕ್ಕೇ. ಹಿಟ್ಟು ಮಾಡಿಸಿದರೆ ಮಾತ್ರ ಬೇಗ ಕೆಡುತ್ತದೆ. ಹಾಗಾಗಿ ಕಾಳನ್ನೇ ಕೊಡುತ್ತೇವೆ. ರಾಗಿ ಮಿಷನ್ನಿನವರು ಮಂಗಳವಾರ ನಮ್ಮ ಚೀಟಿ ತಂದವರಿಗೆ ದುಡ್ಡಿಲ್ಲದೆ ಬೀಸಿಕೊಡುತ್ತಾರೆ.

ಟೊಮೆಟೊ ಕಲಿಸಿದ ಪಾಠವೇ ಬೇರೆ. ನಮ್ಮ ಎಪಿಎಂಸಿ ಟೊಮೆಟೊಗೆ ಹೆಸರಾದದ್ದು. 15 ಕೆಜಿ ಬಾಕ್ಸಿಗೆ ಕೊಯ್ಲಿನ ಕೂಲಿಯೂ ಹುಟ್ಟದ ದಿನ ರೈತರು ರಸ್ತೆಗೆ ಸುರಿದು ಹೋಗುವುದನ್ನು ನೋಡಿದ್ದೇವೆ. ಅಂಥ ಒಂದು ದಿನ ಪರಿಚಯದ ರೈತರೊಬ್ಬರು ಹನ್ನೆರಡು ಬಾಕ್ಸ್ ಇಳಿಸಿ ಹೋದರು. ಮೂರು ದಿನಕ್ಕೆ ಅರ್ಧ ಕೊಳೆಯಿತು. ಈಗ ಬಾಕ್ಸ್ ಬಂದ ಸಂಜೆಯೇ ಹಂಚುತ್ತೇವೆ, ಉಳಿದದ್ದನ್ನು ಸಂಘದವರು ಸೇರಿ ಉಪ್ಪು, ಹುಣಸೆಹಣ್ಣು, ಎಣ್ಣೆ ಹಾಕಿ ತೊಕ್ಕು ಮಾಡುತ್ತಾರೆ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತಲ್ಲ, ಆಗ ಅದೇ ರೈತರು ಬಂದರು. "ಈ ಸಲ ಟೊಮೆಟೊ ಕೊಡಲ್ಲಕ್ಕಾ, ಬೇಳೆ ತಗೊಳ್ಳಿ" ಅಂತ ಒಂದು ಮೂಟೆ ತೊಗರಿಬೇಳೆ ಇಳಿಸಿದರು. ಅದರಲ್ಲಿ ಆಷಾಢ ಕಳೆಯಿತು.

ದುಡ್ಡನ್ನು ಆದಷ್ಟು ಮುಟ್ಟುವುದಿಲ್ಲ. ಬಂದರೆ ಎಣ್ಣೆ, ಬೇಳೆಗೆ ಮಾತ್ರ. ಪ್ರತಿ ತಿಂಗಳ ಒಂದನೇ ತಾರೀಕು ಅಂಗಡಿ ಮುಂದಿನ ಹಲಗೆಯ ಮೇಲೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಬರೆಯುತ್ತೇನೆ. ಯಾರು ಒಯ್ದರು ಅಂತ ಬರೆಯುವುದಿಲ್ಲ. ಒಮ್ಮೆ "ಬೇಳೆ 2 ಕೆಜಿ ಮಾತ್ರ" ಅಂತ ಬರೆದಿದ್ದೆ. ಕತ್ತಲಾಗುವಷ್ಟರಲ್ಲಿ ಎಂಟು ಮನೆಯಿಂದ ಬೇಳೆ ಬಂತು.

ಲಾಕ್‌ಡೌನಿನಲ್ಲಿ ಶೆಡ್ಡಿನಲ್ಲಿ ಉಳಿದಿದ್ದ ಯಾದಗಿರಿಯ ಸಂಸಾರಗಳಲ್ಲಿ ಒಂದು ಈಗಲೂ ಕೆಲಸಕ್ಕೆ ಬರುತ್ತದೆ. ಹೋದ ಸುಗ್ಗಿಗೆ ಊರಿಗೆ ಹೋಗಿದ್ದವರು ತಿರುಗಿ ಬರುವಾಗ ಹೊಲದ ತೊಗರಿ ತಂದರು, ಸೇರಿನಲ್ಲಿ ಅಳೆದರೆ ಎಂಟು ಸೇರು. ಮೂಟೆಯನ್ನು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದಿದ್ದರು. ನಾನು ನೋಟ್‌ಬುಕ್ಕು ತೆಗೆದು, ಅವರ ಹಳೆಯ ಪುಟ ಹುಡುಕಿ "ತೀರಿತು" ಅಂತ ಬರೆಯಲು ಹೊರಟೆ. ಆಕೆ ನನ್ನ ಕೈ ಹಿಡಿದಳು.

"ತೀರ್ತು ಅಂತ ಬರೀಬ್ಯಾಡ್ರಿ ಅಕ್ಕಾರ. ಮಳಿಗಾಲದಾಗ ಮತ್ತ ನಾವು ಒಯ್ಯೋದು ಐತಲ್ಲ."

ಎಂಟು ಸೇರು ತೊಗರಿ ಅಂತಷ್ಟೇ ಬರೆದು ಪುಟ ಹಾಗೇ ಬಿಟ್ಟೆ.