‘ಅವೌಡ್’ ಎಂಬ ವಿಶೇಷಣವನ್ನು ಕನ್ನಡಕ್ಕೆ ತರುವ ಬಗೆ

ಅನುವಾದ ಮಾಡುವಾಗ ‘ಅವೌಡ್’ (avowed) ಎಂಬ ಇಂಗ್ಲಿಷ್ ವಿಶೇಷಣ ಎದುರಾದರೆ ‘ಸ್ವಯಂಘೋಷಿತ’ ಎಂದು ಬರೆದು ಮುಂದೆ ಸಾಗುವವರಿದ್ದಾರೆ. ಆದರೆ ಸ್ವಯಂಘೋಷಿತ ದೇವಮಾನವ, ಸ್ವಯಂಘೋಷಿತ ನಾಯಕ ಎಂಬ ಬಳಕೆಗಳಿಂದಾಗಿ ಆ ಕನ್ನಡ ಪದಕ್ಕೆ ವ್ಯಂಗ್ಯ ಅಂಟಿಕೊಂಡಿದೆ, ‘ಅವೌಡ್’ಗೆ ಅದಿಲ್ಲ. ತನ್ನ ನಿಲುವನ್ನೋ ಉದ್ದೇಶವನ್ನೋ ಮುಚ್ಚಿಡದೆ, ಅದರ ಹೊಣೆ ಹೊತ್ತು ಬಹಿರಂಗವಾಗಿ ಒಪ್ಪಿಕೊಂಡ ಎಂಬುದೇ ಅದರ ಅರ್ಥ.

ಈ ಹೊಣೆಯ ಛಾಯೆ ಪದದ ಹುಟ್ಟಿನಲ್ಲೇ ಇದೆ. ನೆರವಿಗೆ ಕರೆಯುವುದು ಎಂಬ ಅರ್ಥದ ಲ್ಯಾಟಿನ್ ‘ಅಡ್ವೊಕಾರೆ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ, ಒಬ್ಬನನ್ನು ತನ್ನ ಒಡೆಯನೆಂದು, ರಕ್ಷಕನೆಂದು ಒಪ್ಪಿಕೊಳ್ಳುವುದು ಎಂಬ ಊಳಿಗಮಾನ್ಯ ಕಾಲದ ಅರ್ಥವನ್ನು ಪಡೆದಿತ್ತು. ನಮ್ಮ ಕೋರ್ಟುಗಳ ‘ಅಡ್ವೊಕೇಟ್’ ಕೂಡ ಅದೇ ಮೂಲದ್ದು. ಇನ್ನೂ ಹಿಂದಕ್ಕೆ ಹೋದರೆ, ‘ಅಡ್ವೊಕಾರೆ’ಗೆ ನಂಟಿರುವ, ದನಿ ಎಂಬರ್ಥದ ಲ್ಯಾಟಿನ್ನಿನ ‘ವೋಕ್ಸ್’ ಮತ್ತು ಸಂಸ್ಕೃತದ ‘ವಾಕ್’ ಒಂದೇ ಧಾತುವಿನಿಂದ ಬಂದವು. ಆ ಲೆಕ್ಕದಲ್ಲಿ ನಮ್ಮ ‘ವಚನ’ ಇದಕ್ಕೆ ದೂರದ ನೆಂಟ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ, ಬಾಡಿಗೆ ಬಾಕಿಗಾಗಿ ಇನ್ನೊಬ್ಬನ ದನಕರು ಹಿಡಿದಿಟ್ಟವನು ‘ಹೌದು, ಹಿಡಿದೆ, ಆ ಹಕ್ಕು ನನಗಿದೆ’ ಎಂದು ನ್ಯಾಯಾಲಯದಲ್ಲಿ ಸಲ್ಲಿಸುತ್ತಿದ್ದ ಉತ್ತರಕ್ಕೆ ‘ಅವೌರಿ’ ಎನ್ನುತ್ತಿದ್ದರು. ಪದದ ಗುಣ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಕಾಣದು.

ಹರಕೆ, ಶಪಥ ಎಂಬರ್ಥದ ಇಂಗ್ಲಿಷಿನ ‘ವೌ’ (vow) ನೋಡಲು ಇದರ ಒಡಹುಟ್ಟಿನಂತಿದ್ದರೂ ಅದು ‘ವೋಟಮ್’ ಎಂಬ ಬೇರೆ ಲ್ಯಾಟಿನ್ ಪದದಿಂದ ಬಂದದ್ದು. ಆದ್ದರಿಂದ ‘ಶಪಥಗೈದ ನಾಸ್ತಿಕ’ ಎಂದು ಬರೆಯಬೇಡಿ.

ಹಾಗಾದರೆ ಏನು ಬರೆಯಬೇಕು? ಮುಂದಿರುವ ನಾಮಪದವನ್ನು ನೋಡಿ. ಉದ್ದೇಶವಾದರೆ ‘ಘೋಷಿತ ಉದ್ದೇಶ’ ಸಾಕು. ಶತ್ರುವಾದರೆ ‘ಬದ್ಧವೈರಿ’ ಸಿದ್ಧವಾಗಿಯೇ ಇದೆ. ವ್ಯಕ್ತಿಯ ನಂಬಿಕೆಯ ವಿಷಯ ಬಂದಾಗ ವಿಶೇಷಣದ ಹಟ ಬಿಟ್ಟು ವಾಕ್ಯವನ್ನೇ ಬಿಡಿಸುವುದು ಲೇಸು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ವೈಜ್ಞಾನಿಕ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರನ್ನು ‘ಸ್ವಯಂಘೋಷಿತ ವಿಚಾರವಾದಿ’ ಎಂದರೆ ಅವಮಾನವಾದೀತು; ‘ತಾವು ವಿಚಾರವಾದಿಯೆಂದು ಬಹಿರಂಗವಾಗಿಯೇ ಸಾರಿದವರು’ ಎಂದರೆ ಸರಿಹೋಗುತ್ತದೆ. ‘ಎಂದು ಹೇಳಿಕೊಳ್ಳುವ’ ಎಂಬ ರೂಪವನ್ನು ಮಾತ್ರ ದೂರವಿಡಿ: ಕನ್ನಡದ ‘ಕೊಳ್ಳು’ ಇಲ್ಲಿ ಸದ್ದಿಲ್ಲದೆ ಅನುಮಾನವನ್ನು ತುರುಕುತ್ತದೆ, ಆ ಅನುಮಾನ, ಬಾಯಲ್ಲಿ ಹೇಳಿದ್ದು ನಿಜವೋ ಅಲ್ಲವೋ ಎಂಬ ಛಾಯೆಯಿರುವ ‘ಪ್ರೊಫೆಸ್ಡ್’ (professed) ಎಂಬ ಇಂಗ್ಲಿಷ್ ಪದಕ್ಕೆ ಹೆಚ್ಚು ಒಪ್ಪುತ್ತದೆ.