ನೂರರವರೆಗೆ ಒಪ್ಪಿಸಿದರೆ ಎಣಿಕೆ ಬಂತು ಅಂತಲ್ಲ

ಮನೆಗೆ ಬಂದವರ ಮುಂದೆ ಮಗುವನ್ನು ನಿಲ್ಲಿಸಿ "ಎಲ್ಲಿ, ಐವತ್ತರವರೆಗೆ ಹೇಳು ನೋಡೋಣ" ಅನ್ನುವುದನ್ನು ಕಂಡಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮಗು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದು ಎಣಿಕೆ ಅಲ್ಲ, ಗಿಣಿಪಾಠ. ಅನುಮಾನ ಇದ್ದರೆ ಆರು ಚಮಚ ಮುಂದಿಟ್ಟು ಎಣಿಸಲು ಹೇಳಿ. ಬೆರಳು ಒಂದು ಕಡೆ ಓಡುತ್ತದೆ, ಬಾಯಿ ಇನ್ನೊಂದು ಕಡೆ. ಒಂದು ಚಮಚಕ್ಕೆ ಎರಡು ಸಂಖ್ಯೆ, ಪಕ್ಕದ್ದಕ್ಕೆ ಏನೂ ಇಲ್ಲ.

ನಾನೇನು ಹುಟ್ಟುತ್ತಲೇ ಕಲಿತು ಬಂದವಳಲ್ಲ. ನನ್ನ ದೊಡ್ಡ ಮಗ ನಾಲ್ಕು ತುಂಬುವ ಹೊತ್ತಿಗೆ ನೂರರವರೆಗೆ ಹೇಳುತ್ತಿದ್ದ. ನಾನೂ ಬೀಗಿದ್ದೆ. ಒಂದು ದಿನ "ನಾಲ್ಕು ಚಮಚ ತಗೊಂಡು ಬಾ" ಅಂದರೆ, ಕೈಗೆ ಸಿಕ್ಕಷ್ಟನ್ನೂ ಬಾಚಿಕೊಂಡು ಬಂದ. ನಾಲ್ಕು ಅಂದರೆ ಅವನಿಗೆ ಮೂರಾದ ಮೇಲೆ ಬರುವ ಒಂದು ಶಬ್ದ, ಅಷ್ಟೇ. ಅವತ್ತು ನನ್ನ ಜಂಬ ಇಳಿಯಿತು.

ಗುಂಡಿ ಡಬ್ಬಿ ತೆಗೆದಿದ್ದು ಆಮೇಲೆ. ಈಗಿನವರ ಮನೆಯಲ್ಲಿ ಗುಂಡಿ ಡಬ್ಬಿಯೇ ಇಲ್ಲ! ಹಳೆ ಅಂಗಿಯನ್ನು ಒರೆಸುವ ಬಟ್ಟೆ ಮಾಡುವ ಮೊದಲು ಗುಂಡಿ ಕತ್ತರಿಸಿಕೊಳ್ಳಬೇಕು, ಒಂದು ಅಂಗಿಯವನ್ನು ಒಂದೇ ದಾರಕ್ಕೆ ಪೋಣಿಸಿಡಬೇಕು. ಹಾಗೇ ಇನ್ನೊಂದು ಮಾತು. ದಪ್ಪ ಬಟ್ಟೆಗೆ ಗುಂಡಿ ಹೊಲಿಯುವಾಗ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿಯಿರಿ. ಆಮೇಲೆ ಕಡ್ಡಿ ಎಳೆದು, ಸಡಿಲಾದ ದಾರವನ್ನು ಗುಂಡಿಯ ಕೆಳಗೆ ನಾಲ್ಕು ಸುತ್ತು ಸುತ್ತಿ. ಸುಮ್ನೆ ಬಿಗಿದು ಹೊಲಿದರೆ ಎರಡೇ ವಾರಕ್ಕೆ ಕಿತ್ತು ಬರುತ್ತದೆ. ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಒಂದೇ ಬಣ್ಣದ ಬಟ್ಟೆ ಹಾಸಿ. ಹೂವಿನ ಚಿತ್ರ ಇದ್ದರೆ ಮಗು ಹೂವು ನೋಡುತ್ತಾ ಕೂರುತ್ತದೆ. ನಡುವೆ ಒಂದು ದಾರ ನೇರವಾಗಿ ಎಳೆದಿಡಿ. ಅದು ಹೊಳೆ. ಎಡಗಡೆ ಐದು ಗುಂಡಿ ಗುಡ್ಡೆ ಹಾಕಿ. ಮೂರರಿಂದ ಶುರು ಮಾಡಬೇಡಿ, ಮೂರನ್ನು ಕಣ್ಣೇ ಹೇಳಿಬಿಡುತ್ತದೆ, ಎಣಿಸುವ ಕೆಲಸವೇ ಇರುವುದಿಲ್ಲ. ಮಗು ಒಂದೇ ಬೆರಳಿನಿಂದ ಒಂದೊಂದೇ ಗುಂಡಿಯನ್ನು ದಾರ ದಾಟಿಸಬೇಕು. ಗುಂಡಿ ದಾರ ದಾಟುವಾಗಲೇ "ಒಂದು" ಅನ್ನಬೇಕು. ಮೊದಲೇ ಹೇಳಿ ಆಮೇಲೆ ತಳ್ಳುವುದಲ್ಲ, ತಳ್ಳಿ ನಿಂತು ಆಮೇಲೆ ಹೇಳುವುದೂ ಅಲ್ಲ. ಇದರಲ್ಲಿ ನಾನು ಬಹಳ ಹಟಮಾರಿ. ಕೊನೆಯದು ದಾಟಿದ ಮೇಲೆ ಮಗುವಿನ ಅಂಗೈಯನ್ನು ಎಲ್ಲಾ ಗುಂಡಿಗಳ ಮೇಲೆ ಮುಚ್ಚಿಸಿ ಕೇಳಿ, "ಕೈಕೆಳಗೆ ಎಷ್ಟಿವೆ?" ಐದು ಅಂದರೆ ಎಣಿಕೆ ಒಳಗೆ ಇಳಿದಿದೆ. ಕೈ ಎತ್ತಿ ಮತ್ತೆ ಒಂದು, ಎರಡು ಅಂತ ಶುರು ಮಾಡಿದರೆ ಇನ್ನೂ ಇಳಿದಿಲ್ಲ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಅನ್ನುವುದು ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ತಪ್ಪಿದರೆ "ತಪ್ಪು" ಅಂತ ಕಿರುಚಬೇಡಿ. ಗುಂಡಿಗಳನ್ನೆಲ್ಲ ಎಡಕ್ಕೆ ಎಳೆದು "ಹೊಳೆ ಇನ್ನೊಂದು ಸಲ ದಾಟೋಣ" ಅನ್ನಿ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಾದರೆ ಗುಂಡಿ ಬೇಡ, ದೊಡ್ಡ ಡಬ್ಬಿ ಮುಚ್ಚಳ ಕೊಡಿ. ಇದನ್ನೂ ನಾನು ಹೇಳಬೇಕಾ?

ಹೋಲಿಸುವುದನ್ನು ಕಲಿಸಲು ಎಣಿಸಲೇಬೇಕಿಲ್ಲ. ಐದು ದೊಡ್ಡ ಗುಂಡಿ, ಏಳು ಪುಟ್ಟ ಗುಂಡಿ ತೆಗೆದುಕೊಳ್ಳಿ. ದೊಡ್ಡವು ಕಡಿಮೆ ಇರಬೇಕು, ಅದೇ ಇದರ ಗುಟ್ಟು. ಎದುರುಬದುರು ಜೋಡಿ ಕೂರಿಸಿ. "ಯಾರಿಗೆ ಜೊತೆ ಸಿಗಲಿಲ್ಲ?" ಅಂತ ಕೇಳಿ. ಎರಡು ಪುಟ್ಟ ಗುಂಡಿ ಒಂಟಿಯಾಗಿ ಉಳಿದಿರುತ್ತವೆ. ಹಾಗಾದರೆ ಯಾವುದು ಹೆಚ್ಚು? ಎಷ್ಟು ಹೆಚ್ಚು? ಆ ಒಂಟಿ ಎರಡನ್ನು ಬೆರಳಲ್ಲಿ ಮುಟ್ಟಿ ಹೇಳಿಸಿ. ಈಗ ದೊಡ್ಡ ಗುಂಡಿಗಳನ್ನು ದೂರ ದೂರ ಸರಿಸಿ, ಸಾಲು ಉದ್ದವಾಗಲಿ. ಮತ್ತೆ ಕೇಳಿ. ಈಗಷ್ಟೇ ಸರಿಯಾಗಿ ಹೇಳಿದ ಮಗು "ದೊಡ್ಡದೇ ಜಾಸ್ತಿ" ಅನ್ನುತ್ತದೆ! ನನ್ನ ಮಗನಿಗೇ ಬುದ್ಧಿ ಕಡಿಮೆ ಅಂತ ನಾನು ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಓದಿದೆ, ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1941ರಲ್ಲೇ ಇದನ್ನು ಬರೆದಿದ್ದರಂತೆ. ಆರೇಳು ವರ್ಷದವರೆಗೂ ಎಷ್ಟೋ ಮಕ್ಕಳು ಸಾಲಿನ ಉದ್ದ ನೋಡಿ ಮೋಸಹೋಗುತ್ತಾರೆ. ಸುಮ್ಮನೆ ಬೈದಿದ್ದೆನಲ್ಲ ಅನ್ನಿಸಿತು. ವಾದ ಮಾಡಬೇಡಿ. ಗುಂಡಿಗಳನ್ನು ಮತ್ತೆ ಜೋಡಿ ಕೂರಿಸಿ, ಮಗುವೇ ನೋಡಿಕೊಳ್ಳಲಿ.

ಹೆಚ್ಚು, ಕಡಿಮೆ ಅನ್ನುವ ಚಿಹ್ನೆಗಳನ್ನು (>, <) ಬರೆಸುವ ಆತುರವಂತೂ ಬೇಡವೇ ಬೇಡ. ಬಾಯಿ ತೆರೆದ ಮೊಸಳೆ ದೊಡ್ಡ ಸಂಖ್ಯೆಯನ್ನು ತಿನ್ನುತ್ತದೆ ಅಂತ ಹೇಳಿಕೊಡುತ್ತಾರೆ. ಮಗುವಿಗೆ ಮೊಸಳೆ ನೆನಪಿರುತ್ತದೆ, ಸಂಖ್ಯೆ ಮರೆತುಹೋಗುತ್ತದೆ.

ನಮ್ಮ ಭಾಷೆಯ ತೊಡಕುಗಳೂ ಇವೆ. ಹನ್ನೊಂದು, ಹನ್ನೆರಡು, ಆಮೇಲೆ ಹದಿಮೂರು. ಹದಿನೆಂಟರವರೆಗೆ ನೆಟ್ಟಗೆ ಬಂದು ಆಮೇಲೆ ಇದ್ದಕ್ಕಿದ್ದಂತೆ ಹತ್ತೊಂಬತ್ತು. ಮಗು "ಹದಿನೊಂಬತ್ತು" ಅಂದರೆ ನಗಬೇಡಿ, ಅದರ ಲೆಕ್ಕ ಸರಿಯಾಗೇ ಇದೆ. ಒಂಬತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದೇ ಥರ ಕೇಳುತ್ತವೆ, ಬಿಡಿಸಿ ನಿಧಾನವಾಗಿ ಹೇಳಿ. ಜನರನ್ನು ಎಣಿಸುವಾಗ ಒಬ್ಬರು, ಇಬ್ಬರು, ಮೂವರು ಅಂತಲೇ ರೂಢಿ ಮಾಡಿಸಿ. "ಎರಡು ಜನ" ಅಂತ ದೊಡ್ಡವರೇ ಹೇಳುತ್ತಾರೆ ಈಗ, ಮಕ್ಕಳನ್ನು ಏನನ್ನುವುದು?

ದಿನಕ್ಕೆ ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ. ಮಗು ಗುಂಡಿ ಎಸೆಯಲು ಶುರು ಮಾಡಿತು ಅಂದರೆ ಅವತ್ತಿಗೆ ಸಾಕು. ಎತ್ತಿಡುವಾಗ ಮಾತ್ರ ಒಂದೊಂದಾಗಿ ಡಬ್ಬಿಗೆ ಹಾಕಿಸಿ. ಐದು, ನಾಲ್ಕು, ಮೂರು, ಎರಡು, ಒಂದು. ಆಮೇಲೆ ಖಾಲಿ ಬಟ್ಟೆ ತೋರಿಸಿ ಈಗ ಎಷ್ಟು ಅಂತ ಕೇಳಿ. ನನ್ನ ಮಗ ಬಟ್ಟೆ ಎತ್ತಿ ಅಡಿಯಲ್ಲೂ ಹುಡುಕಿ, ಆಮೇಲೆ ಹೇಳಿದ್ದ, "ಸೊನ್ನೆ."