ಜೆಮೀಟರ್ ಲೋಡ್ ಟೆಸ್ಟ್: ಒಂದು ಲ್ಯಾಪ್‌ಟಾಪ್ ಸಾಲದಿದ್ದರೆ
ಜೆಮೀಟರ್ ಅಂದ್ರೆ ಒಂದೇ ಸಲ ನೂರಾರು ಬಳಕೆದಾರರು ಬಂದಂತೆ ಮಾಡಿ, ಸೈಟ್ ಎಷ್ಟು ಹೊರೆ ತಾಳುತ್ತದೆ ಎಂದು ನೋಡುವ (ಅದೇ ಲೋಡ್ ಟೆಸ್ಟ್) ಸಾಫ್ಟ್‌ವೇರ್. ಆ ಹೊರೆ ಹುಟ್ಟಿಸಲು ಒಂದು ಯಂತ್ರ ಸಾಲದಿದ್ದರೆ, ಬೆಳಗಾವಿಯ ಯಾವುದೋ ಕಾಲೇಜು ಲ್ಯಾಬಿನಲ್ಲಿ ನಾಲ್ಕು ಕಂಪ್ಯೂಟರ್ ಖಾಲಿ ಸಿಕ್ಕರೆ ಸಾಕು. ಎಲ್ಲದರಲ್ಲೂ ಜೆಮೀಟರ್, ಜಾವಾ ಒಂದೇ ಆವೃತ್ತಿ ಇರಲಿ. ವೈಫೈ ಬೇಡ, ಕೇಬಲ್ ಹಾಕಿ. ಮೂರರಲ್ಲಿ ಜೆಮೀಟರ್-ಸರ್ವರ್ (ಇನ್ನೊಂದು ಯಂತ್ರ ಹೇಳಿದಂತೆ ಟೆಸ್ಟ್ ಓಡಿಸುವ ಪ್ರೋಗ್ರಾಂ) ಶುರು ಮಾಡಿ, ನಾಲ್ಕನೆಯದರಿಂದ ಟೆಸ್ಟ್ ಓಡಿಸಿ, ಅದೂ ಕಮಾಂಡ್ ಲೈನ್‌ನಲ್ಲೇ, ಯಾಕಂದ್ರೆ ಜೆಮೀಟರ್‌ನ ವಿಂಡೋ (ಜಿಯುಐ) ತೆರೆದಿಟ್ಟರೆ ಅದೇ ಮೆಮೊರಿ ತಿನ್ನುತ್ತದೆ.

ಕನೆಕ್ಟ್ ಆಗ್ತಿಲ್ವಾ? ಫೈರ್‌ವಾಲ್‌ನಲ್ಲಿ 1099 ಪೋರ್ಟ್ ತೆರೆದಿದೆಯಾ ನೋಡಿ. 4.0 ಆವೃತ್ತಿಯಿಂದ ಆರ್‌ಎಂಐ ಕೀಸ್ಟೋರ್ ಫೈಲೂ (ಈ ಯಂತ್ರಗಳ ನಡುವಿನ ಮಾತುಕತೆಯನ್ನು ಸುರಕ್ಷಿತವಾಗಿಡುವ ಕೀಲಿ ಫೈಲ್) ಬೇಕು; ಒಂದು ಕಡೆ ಮಾಡಿ ಎಲ್ಲ ಕಡೆ ಕಾಪಿ ಮಾಡಿ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಟೆಸ್ಟ್ ಪ್ಲಾನ್‌ನಲ್ಲಿ 500 ಥ್ರೆಡ್ (ಒಂದು ಥ್ರೆಡ್ ಅಂದ್ರೆ ಒಬ್ಬ ನಕಲಿ ಬಳಕೆದಾರ) ಹಾಕಿದರೆ ಅದು ಮೂರಕ್ಕೆ ಹಂಚಿಹೋಗುವುದಿಲ್ಲ, ಒಂದೊಂದೂ 500 ಓಡಿಸುತ್ತದೆ, ಒಟ್ಟು 1500! ಟೆಸ್ಟ್‌ಗೆ ಬೇಕಾದ ಡೇಟಾ ಇರುವ ಸಿಎಸ್‌ವಿ ಫೈಲ್ ತಾನಾಗಿ ಹೋಗಲ್ಲ, ಪ್ರತಿ ಯಂತ್ರಕ್ಕೂ ನೀವೇ ಹಾಕಬೇಕು. ಮತ್ತೆ, ಸುಮ್ನೆ ಬೇರೆಯವರ ಸೈಟ್ ಮೇಲೆ ಪ್ರಯೋಗ ಮಾಡಬೇಡಿ, ಅದು ಟೆಸ್ಟ್ ಅಲ್ಲ, ದಾಳಿ.